ಮಳೆನಾಡಿನ ಕೋವಿಗೆ ಯಾವ ಎಣ್ಣೆ: ನನ್ನ ಅನುಭವ

ಕೊಡವರು ಆಯುಧಗಳಿಗೆ ಪೂಜೆ ಮಾಡುವ ಹಬ್ಬ ಕೈಲ್ ಪೊಳ್ದ್. ಅದು ಮುಗಿದ ನಾಲ್ಕನೆಯ ದಿನ ನಮ್ಮ ಐನ್‌ಮನೆಯ, ಅಂದರೆ ಕುಟುಂಬದ ಮೂಲಮನೆಯ, ಕನ್ನಿಕೊಂಬರೆ ಎಂಬ ಪೂಜಾ ಕೋಣೆಯಿಂದ ಕೋವಿಯನ್ನು ಎತ್ತಿ ಅಂಗಳದ ಬೆಳಕಿಗೆ ತಂದೆ. ನಳಿಗೆಯ ಮೇಲೆ ಒಣಗಿದ್ದ ಗಂಧದ ಬೊಟ್ಟನ್ನು ಹೆಬ್ಬೆರಳಿನಿಂದ ಉಜ್ಜಿದರೆ, ಅದರಡಿಯಲ್ಲಿ ಅಷ್ಟೇ ಅಗಲದ ಕೆಂಪು ತುಕ್ಕು. ಅದು ಅಜ್ಜನ ಕಾಲದ ಹನ್ನೆರಡು ಬೋರಿನ ಜೋಡು ನಳಿಗೆ ಕೋವಿ. ಪೂಜೆಗೆ ಮೊದಲು ನಾನೇ ಧಾರಾಳವಾಗಿ ಎಣ್ಣೆ ಹಚ್ಚಿದ್ದೆ. ಹೊಲಿಗೆ ಯಂತ್ರದ ಎಣ್ಣೆ. ಕೋವಿಗೆ ಅದೇ ಸಾಕು ಎಂದು ಎಲ್ಲರೂ ಹೇಳುತ್ತಿದ್ದರು. ನಯವಾದ ಸ್ಟೀಲ್ ವುಲ್‌ಗೆ ಎಣ್ಣೆ ತಾಗಿಸಿ ತಿಕ್ಕಿದೆ. ತುಕ್ಕು ಹೋಯಿತು, ಅದರೊಂದಿಗೆ ಅಷ್ಟು ಜಾಗದ ನೀಲಿ ಹೊಳಪೂ ಹೋಯಿತು. ಉಗುರಿಗೆ ತಾಗುವ ಸಣ್ಣ ಕುಳಿ ಇವತ್ತಿಗೂ ಹಾಗೆಯೇ ಇದೆ.

ನಾನು ಅಲ್ಲಿಯವರೆಗೆ ಎಣ್ಣೆ ಎಂದರೆ ಜಾರುವುದಕ್ಕೆ ಎಂದಷ್ಟೇ ತಿಳಿದಿದ್ದೆ. ನಮ್ಮ ಮನೆಯ ಕೋವಿ ವರ್ಷಕ್ಕೆ ಎಷ್ಟು ತೋಟಾ ಸುಡುತ್ತದೆ? ಕೈಲ್ ಪೊಳ್ದ್‌ಗೆ ತೆಂಗಿನಕಾಯಿಗೆ ಗುರಿ ಇಡುವಾಗ ನಾಲ್ಕೈದು, ಸುಗ್ಗಿ ಹಬ್ಬವಾದ ಪುತ್ತರಿಯ ರಾತ್ರಿ ಕದಿರು ಕೊಯ್ಯುವಾಗ ಒಂದು. ಉಳಿದ ದಿನವೆಲ್ಲ ಅದು ಸುಮ್ಮನೆ ಇರುತ್ತದೆ. ಮಡಿಕೇರಿ ಸೀಮೆಯಲ್ಲಿ ವರ್ಷಕ್ಕೆ 3,000 ಮಿಲಿಮೀಟರಿಗೂ ಹೆಚ್ಚು ಮಳೆ. ಜುಲೈಯಲ್ಲಿ ಪೆಟ್ಟಿಗೆಯೊಳಗಿನ ಬಟ್ಟೆಗೂ ಬೂಷ್ಟು ಹಿಡಿಯುತ್ತದೆ. ಇಲ್ಲಿ ಕೋವಿಗೆ ಬೇಕಾದದ್ದು ಉಕ್ಕಿನ ಮೇಲೆ ತಿಂಗಳುಗಟ್ಟಲೆ ಕೂತು ನೀರನ್ನು ತಡೆಯುವ ಪೊರೆ. ಹೊಲಿಗೆ ಯಂತ್ರದ ಎಣ್ಣೆ ತೀರಾ ತೆಳು. ಸದಾ ಓಡುವ, ಆಗಾಗ ಎಣ್ಣೆ ಕುಡಿಯುವ ಯಂತ್ರಕ್ಕೆ ಅದು ಹೇಳಿ ಮಾಡಿಸಿದ್ದು. ನಿಂತ ಕೋವಿಯ ಮೇಲಿನಿಂದ ಇಳಿದುಹೋಗುತ್ತದೆ.

ಮುಂದಿನ ಜೂನ್‌ನಲ್ಲಿ ನಾನೇ ಪರೀಕ್ಷೆ ಮಾಡಿದೆ. ಆರು ಕಬ್ಬಿಣದ ಮೊಳೆಗಳನ್ನು ಮರಳು ಕಾಗದದಿಂದ ಉಜ್ಜಿ, ಸೀಮೆಎಣ್ಣೆಯಲ್ಲಿ ತೊಳೆದು ಒರೆಸಿದೆ. ಒಂದನ್ನು ಹಾಗೆಯೇ ಬಿಟ್ಟು, ಉಳಿದ ಐದಕ್ಕೆ ಐದು ಬಗೆಯ ಎಣ್ಣೆ ಸವರಿ, ಹಿಂದಿನ ಜಗಲಿಯ ಸೂರಿಗೆ ದಾರದಲ್ಲಿ ತೂಗುಬಿಟ್ಟೆ. ಬರಿ ಮೊಳೆ ಮೂರನೆಯ ದಿನವೇ ಕೆಂಪಾಯಿತು. ಹೊಲಿಗೆ ಯಂತ್ರದ ಎಣ್ಣೆಯದ್ದು ಎರಡನೆಯ ವಾರಕ್ಕೆ ಚುಕ್ಕೆ ಚುಕ್ಕೆಯಾಯಿತು. ನೀರನ್ನು ಓಡಿಸುವ ಸ್ಪ್ರೇ ಹೊಡೆದ ಮೊಳೆ ಅದರ ಹಿಂದೆಯೇ ಹೋಯಿತು. ಆ ಸ್ಪ್ರೇ ಕೆಟ್ಟದ್ದೇನಲ್ಲ. ಮಳೆಯಲ್ಲಿ ನೆನೆದ ಕೋವಿಯ ಸಂದುಗಳಿಂದ ನೀರು ಹೊರಹಾಕಲು ನಾನು ಈಗಲೂ ಅದನ್ನೇ ಬಳಸುತ್ತೇನೆ. ಆಮೇಲೆ ಒರೆಸಿ ಬೇರೆ ಎಣ್ಣೆ ಹಚ್ಚುತ್ತೇನೆ. ತೋಟಾಗಳ ಹತ್ತಿರ ಮಾತ್ರ ಅದನ್ನು ಒಯ್ಯುವುದಿಲ್ಲ, ಏಕೆಂದರೆ ಇಂಥ ಎಣ್ಣೆ ತೋಟಾದ ಹಿಂಬದಿಯಲ್ಲಿ ಕಿಡಿ ಹೊತ್ತಿಸುವ ಕೇಪಿನೊಳಗೆ ಇಳಿದರೆ ಮದ್ದು ಹೊತ್ತಿಕೊಳ್ಳದೆ ಹೋಗಬಹುದು.

ಕೊಬ್ಬರಿ ಎಣ್ಣೆಯ ಮೊಳೆಗೆ ತುಕ್ಕು ತಡವಾಗಿ ಬಂತು, ಆದರೆ ಅಂಟು ಅಂಟಾಗಿ ಧೂಳು ಹಿಡಿದು ಕಮಟು ವಾಸನೆ ಹೊಡೆಯಿತು. ಸುಮಾರು 24 ಡಿಗ್ರಿಗಿಂತ ತಂಪಾದರೆ ಅದು ಹೆಪ್ಪುಗಟ್ಟುತ್ತದೆ; ಡಿಸೆಂಬರಿನ ಬೆಳಗ್ಗೆ ಕೋವಿಯ ಕೀಲುಗಳೊಳಗೆ ಅದು ಗಟ್ಟಿಯಾಗಿ ಕೂರುವುದು ನನಗೆ ಬೇಡ. ಕೊನೆಯವರೆಗೂ ತಡೆದದ್ದು ಎರಡೇ: ಬೈಕಿಗೆ ಹಾಕುವ ಹೊಸ ಎಂಜಿನ್ ಆಯಿಲ್ ಮತ್ತು ತುಕ್ಕು ನಿರೋಧಕ ಬೆರೆಸಿದ ಕೋವಿ ಎಣ್ಣೆ. ಹೊಸ ಆಯಿಲ್ ಎಂದು ಒತ್ತಿ ಹೇಳುತ್ತೇನೆ. ಎಂಜಿನ್‌ನಿಂದ ಇಳಿಸಿದ ಕಪ್ಪು ಆಯಿಲ್‌ನಲ್ಲಿ ಆಮ್ಲವೂ ಲೋಹದ ಪುಡಿಯೂ ಇರುತ್ತದೆ. ಅದನ್ನು ಕೋವಿಗೆ ಬಳಿಯುವವರನ್ನು ಕಂಡರೆ ನನಗೆ ನಿಜಕ್ಕೂ ನೋವಾಗುತ್ತದೆ.

ಈಗ ನನ್ನ ಕ್ರಮ ಹೀಗಿದೆ. ಮೊದಲು ಕೋವಿಯನ್ನು ಮಡಚಿ, ಎರಡೂ ನಳಿಗೆಗಳಲ್ಲಿ ತೋಟಾ ಇಲ್ಲವೆಂದು ಕಣ್ಣಿನಿಂದ ನೋಡಿ, ಬೆರಳು ಹಾಕಿಯೂ ಖಚಿತಪಡಿಸಿಕೊಳ್ಳುತ್ತೇನೆ. ನಳಿಗೆ ಉಜ್ಜಿ, ಒಣ ಬಟ್ಟೆ ಎಳೆದು, ಕೋವಿ ಎಣ್ಣೆಯ ಎರಡು ಹನಿ ಬಿದ್ದ ಬಟ್ಟೆಯಿಂದ ಒಳಗೂ ಹೊರಗೂ ಸವರುತ್ತೇನೆ. ಕೋವಿ ಮಡಚುವ ಕೀಲಿಗೆ ಎಣ್ಣೆ ನಿಲ್ಲುವುದಿಲ್ಲ. ಅಲ್ಲಿ ಉಕ್ಕು ಉಕ್ಕನ್ನು ಒತ್ತಿ ಉಜ್ಜುತ್ತದೆ. ಅದಕ್ಕೆ ಅಕ್ಕಿ ಕಾಳಿನಷ್ಟು ಲಿಥಿಯಂ ಗ್ರೀಸ್. ಮರದ ಹಿಡಿಗೆ ಅಗಸೆ ಎಣ್ಣೆ. ಅದು ಒಣಗಿ ಪೊರೆಯಾಗುವುದರಿಂದ ಮರಕ್ಕೆ ಒಳ್ಳೆಯದು, ಅದೇ ಕಾರಣಕ್ಕೆ ಕೀಲುಗಳಿಗೆ ಕೆಟ್ಟದ್ದು. ಅಗಸೆ ಎಣ್ಣೆಯ ಬಟ್ಟೆಯನ್ನು ಮುದ್ದೆ ಮಾಡಿ ಎಸೆಯಬೇಡಿ, ತಾನಾಗಿ ಬಿಸಿಯೇರಿ ಹೊತ್ತಿಕೊಳ್ಳಬಹುದು, ಹರಡಿ ಒಣಗಿಸಿ.

ಹೆಚ್ಚು ಎಣ್ಣೆ ಒಳ್ಳೆಯದೆಂಬ ನಂಬಿಕೆಯೂ ನನ್ನಲ್ಲಿತ್ತು. ಕೋವಿಯನ್ನು ನೆಟ್ಟಗೆ ನಿಲ್ಲಿಸಿದಾಗ ಹೆಚ್ಚಾದ ಎಣ್ಣೆ ಕೆಳಗಿಳಿದು ಹಿಡಿಯ ಮರಕ್ಕೆ ಸೇರುತ್ತದೆ. ನಮ್ಮ ಕೋವಿಯ ಹಿಡಿ ಉಕ್ಕಿಗೆ ಕೂಡುವಲ್ಲಿ ಕಪ್ಪಾಗಿ ಮೆತ್ತಗಾಗಿರುವುದು ಹಾಗೆಯೇ. ಎಣ್ಣೆ ಹಚ್ಚಿದ ಮೊದಲ ಒಂದೆರಡು ದಿನ ಈಗ ನಳಿಗೆಯ ಬಾಯಿ ಕೆಳಗೆ ಮಾಡಿ ಇಡುತ್ತೇನೆ. ಚರ್ಮದ ಚೀಲದಲ್ಲಂತೂ ಇಡುವುದೇ ಇಲ್ಲ, ಅದು ತೇವವನ್ನು ಹಿಡಿದಿಡುತ್ತದೆ. ಗುಂಡು ಹಾರಿಸುವ ಮೊದಲು ನಳಿಗೆಯ ಒಳಗಿನ ಎಣ್ಣೆಯನ್ನು ಪೂರ್ತಿ ಒರೆಸುತ್ತೇನೆ.

ಅಜ್ಜನ ಹತ್ತಿರ ನಳಿಗೆಯ ಬಾಯಿಯಿಂದ ಕರಿ ಮದ್ದು ತುಂಬುವ ಹಳೆಯ ಕಾಲದ ಒಂದು ಕೇಪಿನ ಕೋವಿಯೂ ಇತ್ತು. ಪುತ್ತರಿಯ ಮರುದಿನ ಅವರು ಅದರ ನಳಿಗೆಗೆ ಕುದಿಯುವ ನೀರು ಹೊಯ್ಯುತ್ತಿದ್ದರು. ಕಬ್ಬಿಣಕ್ಕೆ ನೀರೇ ಎಂದು ನಾನು ಗಾಬರಿಯಾಗುತ್ತಿದ್ದೆ. ಕರಿ ಮದ್ದಿನ ಮಸಿಯಲ್ಲಿ ತೇವ ಹೀರುವ ಲವಣಗಳಿರುತ್ತವೆ, ಅವು ಕರಗುವುದು ನೀರಿನಲ್ಲೇ. ಬಿಸಿಯಾದ ಉಕ್ಕು ತಾನಾಗಿ ಒಣಗುತ್ತದೆ. ಆಮೇಲೆ ಅವರು ಸವರುತ್ತಿದ್ದದ್ದು ಉಪ್ಪು ತಾಗದ ಹಂದಿ ಕೊಬ್ಬು. ಎಷ್ಟು ಸರಿಯಾಗಿ ತಿಳಿದಿದ್ದರು!

ಹೋದ ಪೊಳ್ದ್‌ಗೆ ಅಜ್ಜಿಯನ್ನು ಕೇಳಿದೆ, ಗಂಧವನ್ನು ಮರದ ಹಿಡಿಗೆ ಇಟ್ಟರೆ ಆಗದೇ ಎಂದು. “ನಳಿಗೆಗೇ ಇಡಬೇಕು ಮಗ, ತೋಕ್ ಪೂವಿನ ಪಕ್ಕದಲ್ಲಿ. ಸಂಜೆ ನೀನೇ ಒರೆಸು” ಎಂದರು. ತೋಕ್ ಪೂ ಎಂದರೆ ಹಬ್ಬದ ದಿನ ಕೋವಿಗೆ ಸಿಕ್ಕಿಸುವ ಹೂವು. ನೆಂಟರು ಊಟ ಮುಗಿಸಿ ಹೊರಡುವ ಹೊತ್ತಿಗೆ ನಾನು ಜಗಲಿಯಲ್ಲಿ ಕೂತು ಆ ಹಳೆಯ ಕುಳಿಯ ಮೇಲಿಂದ ಗಂಧವನ್ನು ಒರೆಸುತ್ತಿದ್ದೆ.