ಹಳೆಯ ಡೀಸೆಲ್ ದೋಣಿಗೆ ಸೌರ ವಿದ್ಯುತ್: ಮೊದಲು ವೇಗವನ್ನು ನಿರ್ಧರಿಸಿ

ಹಿನ್ನೀರಿನಲ್ಲಿ ಓಡುವ ಹಳೆಯ ಡೀಸೆಲ್ ದೋಣಿಯನ್ನು ಸೌರ ವಿದ್ಯುತ್ತಿಗೆ ಬದಲಾಯಿಸುವವರು ಹಿಂದಿನ ಎಂಜಿನ್ನಿನಷ್ಟೇ ಅಶ್ವಶಕ್ತಿಯ ಮೋಟಾರನ್ನು ಹುಡುಕಬೇಕಾಗಿಲ್ಲ. ನೀರನ್ನು ಸೀಳಿಕೊಂಡು ಸಾಗುವ ದೋಣಿಗೆ ಬೇಕಾಗುವ ಶಕ್ತಿಯು ಸ್ಥೂಲವಾಗಿ ವೇಗದ ಘನಕ್ಕೆ ಅನುಗುಣವಾಗಿ ಏರುವುದರಿಂದ, ವೇಗವನ್ನು ಕಾಲುಭಾಗ ತಗ್ಗಿಸಿದರೆ ಅರ್ಧಕ್ಕಿಂತ ಕಡಿಮೆ ಶಕ್ತಿ ಸಾಕಾಗುತ್ತದೆ. 48 ವೋಲ್ಟ್, 200 ಆಂಪಿಯರ್-ಅವರ್‌ನ ಲಿಥಿಯಂ ಬ್ಯಾಟರಿಯಲ್ಲಿ 9.6 ಯೂನಿಟ್ ಇರುತ್ತದೆ; ಅದರ ಶೇ. 80ರಷ್ಟನ್ನು ಬಳಸಿದರೆ 2 ಕಿಲೋವ್ಯಾಟ್ ಮೋಟಾರು ಸುಮಾರು ಮೂರೂಮುಕ್ಕಾಲು ಗಂಟೆ ಓಡುತ್ತದೆ. 1 ಕಿಲೋವ್ಯಾಟ್ ಫಲಕವು ದಿನಕ್ಕೆ ಕೊಡುವುದು ಸುಮಾರು 4 ಯೂನಿಟ್ ಮಾತ್ರ. ಮಳೆಗಾಲದಲ್ಲಿ ಅಷ್ಟೂ ಸಿಗುವುದಿಲ್ಲ, ಆದ್ದರಿಂದ ದಡದಲ್ಲಿ ಚಾರ್ಜ್ ಮಾಡುವ ವ್ಯವಸ್ಥೆ ಬೇಕೇಬೇಕು. ಬ್ಯಾಟರಿಯನ್ನು ಎಂಜಿನ್ ಇದ್ದ ಜಾಗದಲ್ಲಿಯೇ, ತಳದಲ್ಲಿ ನಿಲ್ಲುವ ನೀರು ತಾಗದಂತೆ, ಅಲುಗಾಡದ ಹಾಗೆ ಬಿಗಿಯಿರಿ. ಮುಖ್ಯ ಫ್ಯೂಸು ಬ್ಯಾಟರಿಯ ಪಕ್ಕದಲ್ಲಿಯೇ ಇರಲಿ. ಉಪ್ಪುನೀರಿನಲ್ಲಿ ಓಡಿಸುವುದಾದರೆ ತವರ ಲೇಪಿಸಿದ ತಾಮ್ರದ ಕೇಬಲನ್ನೇ ಕೊಳ್ಳಿರಿ, ಇಲ್ಲಿ ಮಾಡುವ ಉಳಿತಾಯ ಉಳಿತಾಯವಲ್ಲ.