ಚಾಕುವಿಗೊಂದು ಮಣಿಕಟ್ಟಿನ ಕುಣಿಕೆ: ಬೇಕಾದಾಗ ಬಿಗಿ, ಜಗ್ಗಿದರೆ ಸಡಿಲ

ದೋಣಿಯಲ್ಲಿ ಕೂತು ಹಗ್ಗ ಕತ್ತರಿಸುವಾಗ, ಹೊಳೆ ದಂಡೆಯಲ್ಲಿ ಮೀನು ಸೀಳುವಾಗ ಕೈ ಒದ್ದೆ ಇರುತ್ತದೆ. ಚಾಕು ಜಾರಿತೋ, ನೀರುಪಾಲು. ಹಿಡಿಯ ತುದಿಯಲ್ಲಿ ತೂತಿದ್ದರೆ ಕುಣಿಕೆ ಕಟ್ಟಿ ಮಣಿಕಟ್ಟಿಗೆ ಹಾಕಿಕೊಳ್ಳಬಹುದು. ಆದರೆ ಸುಮ್ನೆ ಒಂದು ಜೀರುಗುಣಿಕೆ ಹಾಕಿ ಮುಗಿಸಬೇಡಿ. ಅದು ಎಳೆದಷ್ಟೂ ಬಿಗಿಯುತ್ತದೆ, ದಾರ ಎಲ್ಲಾದರೂ ಸಿಕ್ಕಿಕೊಂಡರೆ ಕೈಯನ್ನೂ ಬಿಡುವುದಿಲ್ಲ.

ದಾರಕ್ಕೆ ಪ್ಯಾರಾಕಾರ್ಡ್ ಒಳ್ಳೆಯದು. ಸುಮಾರು 4 ಮಿ.ಮೀ. ದಪ್ಪದ ನೈಲಾನ್ ಹುರಿ ಅದು, ಟ್ರೆಕ್ಕಿಂಗ್ ಸಾಮಾನಿನ ಅಂಗಡಿಯಲ್ಲಿ ಸಿಗುತ್ತದೆ. ಬಟ್ಟೆ ಒಣಹಾಕುವ ಹೊಳೆಯುವ ಪ್ಲಾಸ್ಟಿಕ್ ಹಗ್ಗ ಬೇಡ, ಅದರಲ್ಲಿ ಗಂಟು ನಿಲ್ಲುವುದಿಲ್ಲ. ಒಂದು ಮೀಟರ್ ಕತ್ತರಿಸಿಕೊಳ್ಳಿ, ಉಳಿದದ್ದನ್ನು ಆಮೇಲೆ ತೆಗೆದರಾಯಿತು.

ಚಾಕು ಮಡಚಿ, ಇಲ್ಲವೇ ಒರೆಯಲ್ಲಿಡಿ. ದಾರವನ್ನು ಅರ್ಧಕ್ಕೆ ಮಡಚಿ, ಮಡಿಕೆಯನ್ನು ತೂತಿನೊಳಗೆ ತೂರಿಸಿ, ಎರಡೂ ತುದಿಗಳನ್ನು ಆ ಮಡಿಕೆಯೊಳಗಿಂದ ತೆಗೆದು ಎಳೆಯಿರಿ. ತೂತು ಸಣ್ಣದಾಗಿ ಮಡಿಕೆ ಹೋಗದಿದ್ದರೆ ತೆಳು ತಂತಿ ಸಿಕ್ಕಿಸಿ ಎಳೆಯಿರಿ, ಆಗಲೂ ಬಾರದಿದ್ದರೆ ಸಣ್ಣ ದಾರವೇ ಗತಿ. ಈಗ ಚಾಕುವನ್ನು ಹಿಡಿದು ನೋಡಿ. ಹಿಡಿಯ ತುದಿಯಿಂದ ಮಣಿಕಟ್ಟಿನವರೆಗೆ ಎಷ್ಟು ದೂರ ಬೇಕೋ ಅಲ್ಲಿ ಎರಡೂ ಎಳೆ ಸೇರಿಸಿ ಒಂದು ಮಾಮೂಲಿ ಗಂಟು ಹಾಕಿ.

ಇನ್ನು ಮುಖ್ಯ ಕೆಲಸ. ಎರಡು ತುದಿಗಳನ್ನೂ ಎದುರುಬದುರಾಗಿ ತಂದು, ಒಂದರ ಪಕ್ಕ ಒಂದು ಬರುವಂತೆ ಹೊಂದಿಸಿ. ಹೆಬ್ಬೆರಳು ಮಡಚಿದ ಅಂಗೈ ಆ ಕುಣಿಕೆಯಲ್ಲಿ ತುಸು ಕಷ್ಟಪಟ್ಟು ತೂರಬೇಕು, ಅಷ್ಟೇ ಅಳತೆ. ಒಂದು ತುದಿಯನ್ನು ಹಿಡಿದು, ಎರಡೂ ಎಳೆ ಸೇರಿಸಿ ಎರಡು ಸುತ್ತು ಸುತ್ತಿ. ಸುತ್ತು ಆ ತುದಿ ಬಂದ ದಾರದ ಕಡೆಗೇ ವಾಪಸ್ ಬರಬೇಕು. ಸುತ್ತು ಮುಗಿದ ಮೇಲೆ ತುದಿಯನ್ನು ಎರಡೂ ಸುತ್ತಿನ ಒಳಗಿನಿಂದ ತೂರಿಸಿ ಬಿಗಿ ಮಾಡಿ. ಗಂಟು ಸರಿಯಾಗಿದ್ದರೆ ಒಂದು ಬದಿಯಲ್ಲಿ ಎರಡು ಸುತ್ತು ಅಕ್ಕಪಕ್ಕ ನೀಟಾಗಿ ಕೂತಿರುತ್ತವೆ, ಇನ್ನೊಂದು ಬದಿಯಲ್ಲಿ ದಾರ ಗುಣಾಕಾರದ ಚಿಹ್ನೆಯ ಹಾಗೆ ಅಡ್ಡ ಹಾಯ್ದಿರುತ್ತದೆ. ಹಾಗಿಲ್ಲದಿದ್ದರೆ ಬಿಚ್ಚಿ ಮತ್ತೆ ಹಾಕಿ. ಇನ್ನೊಂದು ತುದಿಯನ್ನೂ ಹೀಗೇ, ಆದರೆ ಎದುರು ದಿಕ್ಕಿನಿಂದ ಕಟ್ಟಿ.

ಎರಡು ಗಂಟುಗಳನ್ನು ದೂರ ದೂರ ಎಳೆದರೆ ಕುಣಿಕೆ ಬಿಗಿಯಾಗುತ್ತದೆ. ಕುಣಿಕೆಯನ್ನು ಅಗಲಿಸಿದರೆ ಗಂಟುಗಳು ಹತ್ತಿರ ಬಂದು ಸಡಿಲವಾಗುತ್ತದೆ. ಮಜಾ ಏನೆಂದರೆ, ಜೋರಾಗಿ ಜಗ್ಗಿದಾಗಲೂ ಗಂಟುಗಳು ಒಂದಕ್ಕೊಂದು ತಾಗುವವರೆಗೆ ಜಾರುತ್ತವೆಯೇ ಹೊರತು ಕೈಯನ್ನು ಹಿಂಡುವುದಿಲ್ಲ. ಆಗ ಕೈ ಎಳೆದುಕೊಳ್ಳಬಹುದು, ಅಲ್ವಾ? ಅದಕ್ಕೇ ಅಳತೆ ಮೊದಲೇ ನೋಡಿಕೊಳ್ಳಿ ಎಂದದ್ದು. ಗಂಟು ಹಗುರವಾಗಿ ಜಾರಿದರೆ ಇನ್ನಷ್ಟು ಬಿಗಿ ಮಾಡಿ, ಅಥವಾ ಎರಡರ ಬದಲು ಮೂರು ಸುತ್ತು ಹಾಕಿ.

ಹೆಚ್ಚುವರಿ ತುದಿಯನ್ನು ಗಂಟಿನಿಂದ ಅರ್ಧ ಸೆಂಟಿಮೀಟರ್ ಬಿಟ್ಟು ಕತ್ತರಿಸಿ, ಲೈಟರ್‌ನಿಂದ ಸ್ವಲ್ಪ ಕರಗಿಸಿ. ಬೆರಳಲ್ಲಿ ಒತ್ತಬೇಡಿ, ಕರಗಿದ ನೈಲಾನ್ ಚರ್ಮಕ್ಕೆ ಅಂಟಿ ಸುಡುತ್ತದೆ. ಯಾವುದಾದರೂ ಲೋಹದ ಚಪ್ಪಟೆ ಬದಿಯಿಂದ ಒತ್ತಿದರೆ ಸಾಕು.

ಇದು ಸಣ್ಣ ಚಾಕುವಿಗೆ ಮಾತ್ರ. ಬೀಸಿ ಕಡಿಯುವ ಕತ್ತಿ, ಮಚ್ಚಿಗೆ ಕಟ್ಟಬೇಡಿ. ಬೀಸುವಾಗ ಕೈ ತಪ್ಪಿದರೆ ಅದು ದೂರ ಹೋಗಿ ಬೀಳುವ ಬದಲು ದಾರದಲ್ಲಿ ತಿರುಗಿ ನಿಮ್ಮ ಕಾಲಿಗೇ ಬರುತ್ತದೆ. ಕತ್ತಿಗೆ ಸೊಂಟದ ಕೊಕ್ಕೆಯೇ ಸರಿ.