ಒಂದು ಕಛೇರಿಗೆ ಮೂರು ಬಿಲ್

ಹೋದ ತಿಂಗಳು ಹಾಸನದಿಂದ ಒಬ್ಬ ಹುಡುಗಿ ಫೋನ್ ಮಾಡಿದ್ದಳು. "ಅಕ್ಕಾ, ನೀವು ಸಂಗೀತದ ಬಗ್ಗೆ ಬರೀತೀರಿ, ಕಾಮಿಕ್ಸೂ ಮಾಡ್ತೀರಿ. ಮತ್ತೆ ಕೆಲಸಕ್ಕೆ ಎಲ್ಲಿಗೆ ಹೋಗ್ತೀರಿ?" ಅಂದಳು. ಅದೇ ಕಣೇ ಕೆಲಸ ಅಂದೆ. ಸ್ವಲ್ಪ ಹೊತ್ತು ಆ ಕಡೆಯಿಂದ ಸದ್ದಿಲ್ಲ. ಆಮೇಲೆ, "ಬಾಡಿಗೆ?" ಅಂತ ಕೇಳಿದಳು. ಕೇಳಬೇಕಾದ ಪ್ರಶ್ನೆಯೇ. ಅವತ್ತು ಕುಕ್ಕರ್ ಕೂಗುತ್ತಿತ್ತು, ಅರ್ಧಂಬರ್ಧ ಹೇಳಿ ಇಟ್ಟೆ. ಉಳಿದದ್ದು ಇಲ್ಲಿದೆ.

ಮೊದಲು ಲೆಕ್ಕ. ನನ್ನ ಮೊದಲ ವಿಮರ್ಶೆಗೆ ಸಿಕ್ಕಿದ್ದು 250 ರೂಪಾಯಿ, ಅದೂ ಚೆಕ್ ಬರುವ ಹೊತ್ತಿಗೆ ನಾನು ಆ ಗಾಯಕರ ಹೆಸರನ್ನೇ ಮರೆತಿದ್ದೆ. ಈಗ ಜಾಸ್ತಿ ಸಿಗುತ್ತದೆ, ಆಟೊ ಬಾಡಿಗೆಯೂ ಜಾಸ್ತಿಯಾಗಿದೆ. ಬರೀ ವಿಮರ್ಶೆ ನಂಬಿದರೆ ಉಳಿಯುವುದು ತರಕಾರಿ ಕಾಸು. ಆದ್ದರಿಂದ ಒಂದು ಸಂಜೆಯ ಸಂಗೀತ ಕಛೇರಿಯಿಂದ ಮೂರು ಸಲ ದುಡಿಯಬೇಕು: ಅದೇ ರಾತ್ರಿ ವಿಮರ್ಶೆ, ಆ ವಾರದಲ್ಲಿ ಪಕ್ಕವಾದ್ಯದವರೊಬ್ಬರ ಜೊತೆ ಮಾತುಕತೆ, ತಿಂಗಳೊಳಗೆ ಒಂದು ಕಾಮಿಕ್ಸ್ ಪುಟ. ಮೂರಕ್ಕೂ ಬೇಕಾದ ಸರಕನ್ನು ಕಛೇರಿ ನಡೆಯುವ ಎರಡೂವರೆ ಗಂಟೆಯಲ್ಲೇ ಕೂಡಿಹಾಕಿಕೊಳ್ಳಬೇಕು.

ಕಲಿಯುವುದಕ್ಕೆ ಬೆಂಗಳೂರಿನಲ್ಲಿ ರಾಮನವಮಿಯ ಕಾಲದಷ್ಟು ಒಳ್ಳೆಯ ಕಾಲ ಇಲ್ಲ. ಚಾಮರಾಜಪೇಟೆಯ ಕೋಟೆ ಹೈಸ್ಕೂಲ್ ಮೈದಾನದಲ್ಲಿ ರಾಮಸೇವಾ ಮಂಡಳಿಯವರು 1939ರಿಂದ ನಡೆಸಿಕೊಂಡು ಬಂದಿರುವ ಕಛೇರಿಗಳಿಗೆ ಹೋಗಿ. ಇವತ್ತು ಏನೋ ತಪ್ಪಿಹೋಯಿತೆಂದರೆ ನಾಳೆ ಸಂಜೆ ಇನ್ನೊಂದು ಕಛೇರಿ ಇರುತ್ತದೆ. ಪೆಂಡಾಲಿನ ಹೊರಗಿನ ಹಾರ್ನ್ ಶಬ್ದ, ತಾಳವಿಲ್ಲದೆ ರಾಗ ಬಿಡಿಸುವ ಆಲಾಪನೆಯೊಳಗೆ ನುಗ್ಗುತ್ತದೆ, ಅದನ್ನೂ ಬರೆದುಕೊಳ್ಳಿ, ಚಿತ್ರಕ್ಕೆ ಬೇಕಾಗುತ್ತದೆ. ವರ್ಷದ ಉಳಿದ ದಿನಗಳಿಗೆ ಗಾಯನ ಸಮಾಜ ಇದೆ, 1905ರದ್ದು. ಮಲ್ಲೇಶ್ವರದ ಕಡೆಯವರಾದರೆ ಪಿಟೀಲಿನ ಆಕಾರದಲ್ಲೇ ಕಟ್ಟಿರುವ ಚೌಡಯ್ಯ ಮೆಮೋರಿಯಲ್ ಹಾಲ್. ಕಟ್ಟಡ ನೋಡಿದ ಕೂಡಲೇ ಚಿತ್ರ ಬಿಡಿಸೋಣ ಅನ್ನಿಸುತ್ತದೆ. ಬಿಡಿಸಿ, ಆದರೆ ಮೈಸೂರಿನ ಪಿಟೀಲು ವಿದ್ವಾಂಸ ಚೌಡಯ್ಯನವರನ್ನೇ ಬರೆಯಲು ಹೊರಟರೆ ಅವರ ಪಿಟೀಲಿಗೆ ಏಳು ತಂತಿ ಅನ್ನುವುದು ನೆನಪಿರಲಿ. ನಾಲ್ಕು ಗೆರೆ ಎಳೆದು ಕಳಿಸಿದರೆ ಮೈಸೂರಿನಿಂದ ಕಾಗದ ಬರುತ್ತದೆ.

ಕೂರುವ ಜಾಗ: ಮೂರನೇ ಸಾಲು, ನಮಗೆ ಎಡಗಡೆ. ಸಾಮಾನ್ಯವಾಗಿ ಮೃದಂಗದವರು ಗಾಯಕರ ಬಲಕ್ಕೆ, ಅಂದರೆ ನಮ್ಮ ಎಡಕ್ಕೆ ಕೂರುತ್ತಾರೆ. ಕಪ್ಪು ಕರಣೆ (ನಡುವಿನ ಗಟ್ಟಿ ಲೇಪ) ಇರುವ ಬಲಮುಖ ನಮ್ಮ ಕಡೆಗಿರುತ್ತದೆ. ಎಡಗೈಯವರಾದರೆ ಪಿಟೀಲಿನವರ ಜೊತೆ ಜಾಗ ಅದಲುಬದಲು. ನಾನು ಒಂಬತ್ತನೇ ವಯಸ್ಸಿಗೆ ಶಿವಮೊಗ್ಗದಲ್ಲಿ ಮೃದಂಗಕ್ಕೆ ಸೇರಿ ಆರು ವರ್ಷ ಕಲಿತು ಬಿಟ್ಟವಳು. ಇಷ್ಟೆಲ್ಲ ಗೊತ್ತಿದ್ದೂ ಒಮ್ಮೆ ಪುಟಕ್ಕೆ ಚೆನ್ನಾಗಿ ಹೊಂದುತ್ತದೆ ಅಂತ ಸ್ಕ್ಯಾನ್ ಆದ ಚಿತ್ರವನ್ನು ಕಂಪ್ಯೂಟರಿನಲ್ಲಿ ಕನ್ನಡಿಬಿಂಬದ ಹಾಗೆ ತಿರುಗಿಸಿಬಿಟ್ಟೆ. ಗಾಯಕಿಯ ಮೂಗುತಿ ಮೂಗಿನ ಆ ಕಡೆಗೆ ಹಾರಿತು, ಪಿಟೀಲಿನವರು ಎಡಗೈಯಲ್ಲಿ ಕಮಾನು ಹಿಡಿದರು, ಮೃದಂಗದವರು ಒಂದೇ ರಾತ್ರಿಗೆ ಎಡಚರಾದರು. ನೋಡಿ ನಕ್ಕವರಲ್ಲಿ ಮೊದಲಿಗರು ಆ ಮೃದಂಗದವರೇ, ಪುಣ್ಯ.

ಸ್ವಲ್ಪ ಬೇಗ ಹೋಗಿ. ಪರದೆ ಏಳುವ ಮುಂಚೆ ಮೃದಂಗದವರು ರವೆ ಕಲಸಿ ಎಡಮುಖಕ್ಕೆ ಮೆತ್ತುವುದನ್ನು ನೋಡಬೇಕು. ಚಪಾತಿ ಹಿಟ್ಟು ನಾದಿದ ಹಾಗೆ ಹೆಬ್ಬೆರಳಿನಲ್ಲಿ ಒತ್ತಿ, ಒಂದು ಪೆಟ್ಟು ಹಾಕಿ ಕೇಳಿ, ಮತ್ತೆ ಚೂರು ನೀರು. ವಿಮರ್ಶೆಯಲ್ಲಿ ಇದಕ್ಕೆ ಜಾಗವಿಲ್ಲ. ಕಾಮಿಕ್ಸಿಗೆ ಇದಕ್ಕಿಂತ ಒಳ್ಳೆಯ ಮೊದಲ ಚೌಕ ಸಿಗುವುದಿಲ್ಲ.

ಎರಡು ಪುಸ್ತಕ ಇಟ್ಟುಕೊಳ್ಳಿ. ಗೆರೆಯಿರುವ ಚಿಕ್ಕದರಲ್ಲಿ ಗಡಿಯಾರದ ಹೊತ್ತು ಮತ್ತು ಮಾತು: "6.50, ಆಲಾಪನೆ ಶುರು. 7.04, ಮೇಲಿನ ಷಡ್ಜದಲ್ಲಿ ನಿಂತರು, ಹಿಂದಿನ ಸಾಲಿನಲ್ಲಿ ಮಗು ಅತ್ತಿತು, ಗಾಯಕಿ ಮಗುವಿನ ಕಡೆ ನೋಡಿ ನಕ್ಕರು, ಸ್ವರ ಬಿಡಲಿಲ್ಲ." ಗೆರೆಯಿಲ್ಲದ ಇನ್ನೊಂದರಲ್ಲಿ ಬರೀ ಕೈಗಳು. ಮುಖ ಬರೆಯಲು ಹೋಗಬೇಡಿ, ಮುಖದ ಫೋಟೊ ಎಲ್ಲಾದರೂ ಸಿಗುತ್ತದೆ. ಹಾಡುವವರ ಕೈ, ಸ್ವರವನ್ನು ತೂಗಾಡಿಸುವ ಗಮಕದ ಜೊತೆ ಹೇಗೆ ಓಡಾಡಿತು ಅನ್ನುವುದು ಆ ಹೊತ್ತಿನಲ್ಲಿ ಬಿಟ್ಟರೆ ಇನ್ನೆಲ್ಲೂ ಇಲ್ಲ. ಫೋನಿನಲ್ಲಿ ರೆಕಾರ್ಡ್ ಮಾಡಿಕೊಳ್ಳಬೇಡಿ. ಕೇಳದೆ ಮಾಡುವುದು ತಪ್ಪು. ಅದೂ ಅಲ್ಲದೆ, ಫೋನ್ ಕೇಳಿಸಿಕೊಳ್ಳುತ್ತಿದೆ ಅಂತ ನಾವು ಕೇಳುವುದನ್ನು ಬಿಟ್ಟುಬಿಡುತ್ತೇವೆ.

ರಾಗ ಗೊತ್ತಾಗದಿದ್ದರೆ? ನಾಚಿಕೆ ಬೇಡ. ಪಕ್ಕದವರನ್ನು ಕೇಳಿ, ಆದರೆ ಒಬ್ಬರನ್ನು ಕೇಳಿ ಸುಮ್ಮನಾಗಬೇಡಿ. ಪ್ರತಿ ಸಭಾಂಗಣದಲ್ಲೂ ಸಂಶಯವೇ ಬಾರದ ಒಬ್ಬ ಹಿರಿಯರಿರುತ್ತಾರೆ, ಅವರು ತಪ್ಪು ಹೇಳುವಾಗಲೂ ಅಷ್ಟೇ ಗಟ್ಟಿಯಾಗಿ ಹೇಳುತ್ತಾರೆ. ಮುಗಿದ ಮೇಲೆ ಹಿಂದೆ ಹೋಗಿ ಪಿಟೀಲಿನವರನ್ನು ಕೇಳುವುದು ಉತ್ತಮ. ಇಡೀ ಆಲಾಪನೆಯ ಬೆನ್ನು ಹತ್ತಿ ಹೋದವರು ಅವರೇ.

ಈ ಬುದ್ಧಿ ನನಗೆ ಬಂದದ್ದು ದೇವಗಾಂಧಾರಿ ರಾಗವನ್ನು ಆರಭಿ ಅಂತ ಬರೆದು ಅಚ್ಚಾದ ಮೇಲೆ. ಬೆಳಿಗ್ಗೆ ಆರೂಮುಕ್ಕಾಲಿಗೆ ಫೋನ್, ಗಾಯಕಿಯ ತಾಯಿ. "ಅಲ್ಲಮ್ಮಾ, ನಮ್ಮ ಹುಡುಗಿ ಇಪ್ಪತ್ತು ನಿಮಿಷ ದೇವಗಾಂಧಾರಿ ಹಾಡಿದಳು. ನೀನು ಯಾವ ಕಛೇರಿಗೆ ಹೋಗಿದ್ದೆ?" ಅಂದರು. ಉತ್ತರ ಇರಲಿಲ್ಲ. ಎರಡೂ ಶಂಕರಾಭರಣ ಅನ್ನುವ ತಾಯಿ ರಾಗದ ಮಕ್ಕಳು, ಕಾಗದದ ಮೇಲೆ ಇಬ್ಬರ ಆರೋಹಣ ಅವರೋಹಣವೂ, ಅಂದರೆ ಸ್ವರ ಏರಿಳಿಯುವ ಕ್ರಮವೂ, ಒಂದೇ. ನಾನು ಕಾಗದ ಕೇಳಿದ್ದೆ, ನಡಿಗೆ ಕೇಳಿರಲಿಲ್ಲ. ಆರಭಿ ಚುರುಕು, ಮೆಟ್ಟಿಲಿಳಿಯುವಾಗ ಎರಡೆರಡು ಹಾರುತ್ತಾಳೆ. ದೇವಗಾಂಧಾರಿ ನಿಧಾನ, ಪ್ರತಿ ಮೆಟ್ಟಿಲಲ್ಲೂ ನಿಂತು ತೂಗಿ ಇಳಿಯುತ್ತಾಳೆ. ಪತ್ರಿಕೆಯವರು ಮೂಲೆಯಲ್ಲಿ ಎರಡು ಸಾಲಿನ ತಿದ್ದುಪಡಿ ಹಾಕಿದರು. ನನಗೆ ಅವಮಾನ ಇಳಿಯಲಿಲ್ಲ. ಆ ಶನಿವಾರ ಕೂತು ಒಂದು ಪುಟ ಬರೆದೆ: ಒಂದೇ ಸೀರೆಯುಟ್ಟ ಅಕ್ಕತಂಗಿ, ಒಂದೇ ಮೆಟ್ಟಿಲು, ಕೆಳಗೆ ನೋಟ್‌ಬುಕ್ ಹಿಡಿದು ಹೆಸರು ತಪ್ಪು ಕೂಗುತ್ತಿರುವ ನಾನು. ವಿಮರ್ಶೆಯನ್ನು ಓದಿದವರಿಗಿಂತ ಆ ಪುಟವನ್ನು ಒಬ್ಬರಿಗೊಬ್ಬರು ಕಳಿಸಿದವರು ಹೆಚ್ಚು. ಸಂಗೀತ ಹೇಳಿಕೊಡುವ ಇಬ್ಬರು ಟೀಚರುಗಳು ಪಾಠಕ್ಕೆ ಬೇಕೆಂದು ದುಡ್ಡು ಕೊಟ್ಟು ತಗೊಂಡರು. ಅಲ್ಲಿಂದ ನನ್ನದೊಂದು ರೂಢಿ: ವಿಮರ್ಶೆಯಲ್ಲಿ ಗೊತ್ತಿರುವುದನ್ನು ಬರೆಯುತ್ತೇನೆ, ಗೊತ್ತಾಗದೆ ಒದ್ದಾಡಿದ್ದು ಕಾಮಿಕ್ಸಿಗೆ ಹೋಗುತ್ತದೆ.

ಈಗ ಪುಟ ಕಟ್ಟುವುದು. ದಯವಿಟ್ಟು ಗಾಯಕಿಯ ಬಾಯಿಂದ ಪಾಶ್ಚಾತ್ಯ ಸಂಗೀತದ ಬಾಲದ ಚುಕ್ಕೆಗಳನ್ನು ಹಾರಿಸಬೇಡಿ. ನಮ್ಮಲ್ಲಿ ಶಬ್ದಕ್ಕೆ ಬೇಕಾದಷ್ಟು ಅಕ್ಷರಗಳಿವೆ. ಹಾಡು ನಿಂತು ಮೃದಂಗದವರಷ್ಟೇ ನುಡಿಸುವ ತನಿ ಆವರ್ತನವನ್ನೇ ತಗೊಳ್ಳಿ. ಆದಿತಾಳಕ್ಕೆ ಎಂಟು ಎಣಿಕೆ: ಒಂದು ಪೆಟ್ಟು, ಕಿರುಬೆರಳು, ಉಂಗುರಬೆರಳು, ನಡುಬೆರಳು, ಅದು ಲಘು. ಆಮೇಲೆ ಪೆಟ್ಟು ಹುಸಿ (ಅಂಗೈ ಮೇಲೆ ತಿರುಗಿಸುವುದು), ಪೆಟ್ಟು ಹುಸಿ, ಎರಡು ದ್ರುತ. ಹಾಗಾಗಿ ಪುಟಕ್ಕೆ ಎಂಟು ಚೌಕ. ಮೊದಮೊದಲು ನಾನು ಮೇಲೆ ನಾಲ್ಕು ಸಣ್ಣ ಚೌಕ, ಕೆಳಗೆ ಎರಡೆರಡು ಅಗಲ ಚೌಕ ಮಾಡುತ್ತಿದ್ದೆ. ನೋಡಲು ಚೆಂದ, ಆದರೆ ತಾಳ ಕೆಡುತ್ತದೆ. ಅಗಲ ಚೌಕದಲ್ಲಿ ಕಣ್ಣು ಹೆಚ್ಚು ಹೊತ್ತು ನಿಲ್ಲುತ್ತದೆ, ಲಯ ಜಗ್ಗಿದ ಹಾಗಾಗುತ್ತದೆ. ಈಗ ಎಂಟೂ ಒಂದೇ ಅಳತೆ, ನಾಲ್ಕು ನಾಲ್ಕರ ಎರಡು ಸಾಲು. ಕೆಳಗಿನ ಸಾಲಿನ ನಡುವೆ ಮಾತ್ರ ಬಿಳಿ ಜಾಗ ಚೂರು ಹೆಚ್ಚು, ದ್ರುತ ಬೇರೆಯಾಯಿತೆಂದು ತಿಳಿಯಲು.

ಇನ್ನು ಮುಕ್ತಾಯ. "ತಧಿಗಿಣತೊಂ" ಐದಕ್ಷರ, ಮೂರು ಸಲ ಬಂದು ಸಮಕ್ಕೆ, ಅಂದರೆ ಮುಂದಿನ ಸುತ್ತಿನ ಮೊದಲ ಪೆಟ್ಟಿಗೆ, ಬೀಳಬೇಕು. ಐದು ಮೂರಲ ಹದಿನೈದು. ಒಂದು ಚೌಕಕ್ಕೆ ನಾಲ್ಕಕ್ಷರ ಹಿಡಿದರೆ ಕೆಳಗಿನ ಸಾಲಿನಲ್ಲಿ ಹದಿನಾರು ಜಾಗ. ಅಂದರೆ ಐದನೇ ಚೌಕದಲ್ಲಿ ಒಂದು ಜಾಗ ಖಾಲಿ ಬಿಟ್ಟು ಶುರುಮಾಡಬೇಕು. ಐದರಲ್ಲಿ: (ಖಾಲಿ) ತ ಧಿ ಗಿ. ಆರರಲ್ಲಿ: ಣ ತೊಂ ತ ಧಿ. ಏಳರಲ್ಲಿ: ಗಿ ಣ ತೊಂ ತ. ಎಂಟರಲ್ಲಿ: ಧಿ ಗಿ ಣ ತೊಂ. ಹಾಳೆ ತಿರುಗಿಸಿದರೆ ಸಮ: ಇಡೀ ಪುಟಕ್ಕೆ ಒಂದೇ ಚಿತ್ರ, ಸಭೆಯ ಎಲ್ಲರ ಕೈಯೂ ಒಟ್ಟಿಗೆ ತೊಡೆಗೆ ಬಿದ್ದದ್ದು. ಇದು ಕೆಲಸ ಮಾಡಬೇಕಾದರೆ ಎಂಟು ಚೌಕದ ಪುಟ ಬಲಗಡೆಯದ್ದಾಗಿರಬೇಕು, ಇಲ್ಲವಾದರೆ ಸಮ ಪಕ್ಕದ ಪುಟದಲ್ಲಿ ಮೊದಲೇ ಕಾಣಿಸಿಕೊಂಡು ಮಜಾ ಹಾಳು. ಆ ಖಾಲಿ ಜಾಗದಲ್ಲಿ ನಾನು ಮೃದಂಗದವರ ಎತ್ತಿದ ಕೈ ಮಾತ್ರ ಬರೆದಿದ್ದೆ. ನನ್ನ ಮೇಷ್ಟ್ರು ಇದ್ದಿದ್ದರೆ ಅದೊಂದಕ್ಕಾದರೂ ತಲೆಯಾಡಿಸುತ್ತಿದ್ದರೋ ಏನೋ.

ಮಾತಿನ ಬಲೂನಿನೊಳಗಿನ ಕನ್ನಡ ಬೇರೆಯೇ ರಾಮಾಯಣ. ನಮ್ಮ ಒತ್ತಕ್ಷರ ಕೆಳಗಿಳಿಯುತ್ತದೆ, ಗುಡಿಸು ಮೇಲೇರುತ್ತದೆ. ಇಂಗ್ಲಿಷಿನ ಅಳತೆಯಲ್ಲಿ ಸಾಲುಗಳ ನಡುವೆ ಜಾಗ ಬಿಟ್ಟರೆ "ವೈಶಿಷ್ಟ್ಯ"ದ ಬಾಲ ಕೆಳಗಿನ ಸಾಲಿನ ತಲೆಗೆ ಚುಚ್ಚುತ್ತದೆ. ಅಕ್ಷರದ ಎತ್ತರದ ಒಂದೂವರೆ ಪಟ್ಟು ಸಾಲಿನ ಅಂತರ ಕೊಡಿ. ಬಲೂನು ಬರೆದು ಮಾತು ತುಂಬಬೇಡಿ. ಮಾತು ಬರೆದು ಸುತ್ತ ಬಲೂನು ಹಾಕಿ. "ಕೇಳಿಸಿಕೊಳ್ಳುತ್ತಿದ್ದೀರಾ" ಅನ್ನುವ ಪದ ಯಾವ ಬಲೂನಿಗೂ ಹಿಡಿಸುವುದಿಲ್ಲ, "ಕೇಳಿಸ್ತಿದ್ಯಾ" ಹಿಡಿಸುತ್ತದೆ, ಮನುಷ್ಯರು ಮಾತಾಡುವುದೂ ಹಾಗೆಯೇ. ನನಗೆ ಕೈಬರಹವೇ ಇಷ್ಟ. ಫಾಂಟ್ ಬಳಸುವುದಾದರೆ ಯೂನಿಕೋಡ್ ಬಳಸಿ, ಹಳೆಯ ನುಡಿ ಸಾಫ್ಟ್‌ವೇರಿನಲ್ಲಿ ಟೈಪ್ ಮಾಡಿದ್ದನ್ನು ಹಾಗೇ ಅಂಟಿಸಿದರೆ ಚಿತ್ರಲಿಪಿ ಬರುತ್ತದೆ. ಫೋಟೊಶಾಪಿನಲ್ಲಿ ಒತ್ತು ಮುರಿದು ಪಕ್ಕಕ್ಕೆ ಬಿದ್ದರೆ ಟೈಪ್ ಸೆಟ್ಟಿಂಗ್ಸಿನಲ್ಲಿ "ವರ್ಲ್ಡ್-ರೆಡಿ" ಅನ್ನುವುದನ್ನು ಆರಿಸಿ. ಇದು ಗೊತ್ತಿಲ್ಲದೆ ನಾನು ಒಂದು ರಾತ್ರಿ ಪೂರ್ತಿ ಒತ್ತುಗಳನ್ನು ಕೈಯಲ್ಲಿ ಜೋಡಿಸಿದ್ದೇನೆ. ಕಪ್ಪು ಗೆರೆಯ ಚಿತ್ರವನ್ನು 600 ಡಿಪಿಐಗೆ ಸ್ಕ್ಯಾನ್ ಮಾಡಿ.

ವರ್ಷಕ್ಕೊಮ್ಮೆ ಪುಟಗಳನ್ನು ಸೇರಿಸಿ ಚಿಕ್ಕ ಪುಸ್ತಕ ಮಾಡುತ್ತೇನೆ. ಸೆಂಟರ್ ಪಿನ್ ಹೊಡೆಸುವುದಾದರೆ ಪುಟಸಂಖ್ಯೆ ನಾಲ್ಕರ ಲೆಕ್ಕದಲ್ಲಿರಬೇಕು. ನನ್ನದು 16 ಪುಟ, ಮ್ಯಾಪ್‌ಲಿಥೊ ಕಾಗದ. ಮೊದಲ ಸಲ 200 ಪ್ರತಿ ಸಾಕು. ಸಂಘಟಕರನ್ನು ಕೇಳಿ, ಸಭಾಂಗಣದ ಹೊರಗೆ ಒಂದು ಸ್ಟೂಲ್ ಹಾಕಿಕೊಳ್ಳಿ. ಕಾಫಿ ವಿರಾಮದಲ್ಲಿ ಮಾರಾಟವಾಗುತ್ತದೆ, ಮಂಗಳ ಆದ ಮೇಲೆ ಯಾರೂ ನಿಲ್ಲುವುದಿಲ್ಲ.

ಮಾತುಕತೆಯ ಬಗ್ಗೆ ಹೆಚ್ಚು ಹೇಳುವುದಿಲ್ಲ. ಮುಖ್ಯ ಕಲಾವಿದರ ಸಂದರ್ಶನ ಎಲ್ಲರೂ ಮಾಡುತ್ತಾರೆ. ಘಟದವರನ್ನು, ಮೋರ್ಚಿಂಗಿನವರನ್ನು, ತಂಬೂರಿ ಹಿಡಿದು ಕೂತ ಶಿಷ್ಯೆಯನ್ನು ಕೇಳಿ. ಅಚ್ಚಿಗೆ ಮುಂಚೆ ತೋರಿಸಿ ಎಂದರೆ ಹೆಸರು, ರಾಗ, ಇಸವಿ ಸರಿಯಿದೆಯೇ ಅಂತ ಓದಿ ಹೇಳಿ. ನಿಮ್ಮ ಅಭಿಪ್ರಾಯದ ಭಾಗ ತೋರಿಸಬೇಡಿ.

ದುಡ್ಡಿನ ವಿಷಯದಲ್ಲಿ ಒಂದೇ ಕಡೆ ನಿಧಾನಿಸಿ, ಒಪ್ಪಂದ. ಒಮ್ಮೆ ಒಂದು ಕಡೆ ಅಚ್ಚಾದ ನನ್ನ ಪುಟ ಮುಂದಿನ ಜನವರಿಯಲ್ಲಿ ಕ್ಯಾಲೆಂಡರಾಗಿ ನಮ್ಮ ಮನೆ ಓನರ್ ಗೋಡೆಯ ಮೇಲೆ ಕಾಣಿಸಿತು. ಅಚ್ಚು ಹಾಕಿದವರನ್ನು ಕೇಳಿದರೆ, "ದುಡ್ಡು ಕೊಟ್ಟಿದ್ವಲ್ಲ ಮೇಡಂ" ಅಂದರು. ಆಮೇಲೆ ಕೂತು 1957ರ ಕೃತಿಸ್ವಾಮ್ಯ ಕಾಯ್ದೆ ಓದಿದೆ. ನೌಕರರಲ್ಲದ ನಾವು ಬರೆದ ಬರಹದ ಹಕ್ಕು ಮೊದಲಿಗೆ ನಮ್ಮದೇ. ಆದರೆ ಯಾರಾದರೂ ಹೇಳಿ, ದುಡ್ಡು ಕೊಟ್ಟು ಬರೆಸಿದ ಚಿತ್ರದ ವಿಷಯದಲ್ಲಿ 17ನೇ ಸೆಕ್ಷನ್ ಬೇರೆ ಮಾತಾಡುತ್ತದೆ: ಒಪ್ಪಂದವಿಲ್ಲದಿದ್ದರೆ ಹಕ್ಕು ಬರೆಸಿದವರ ಕಡೆ ವಾಲಬಹುದು. ಬರೆಯುವವರಿಗಿಂತ ಚಿತ್ರ ಬಿಡಿಸುವವರು ಹೆಚ್ಚು ಹುಷಾರಾಗಿರಬೇಕಾದದ್ದು ಇದಕ್ಕೇ. ಹಕ್ಕು ವರ್ಗಾವಣೆ ಬರವಣಿಗೆಯಲ್ಲೇ ಆಗಬೇಕು. ಎಷ್ಟು ವರ್ಷ ಎಂದು ಅದರಲ್ಲಿ ಬರೆಯದಿದ್ದರೆ ಐದು ವರ್ಷ ಅಂತ 19ನೇ ಸೆಕ್ಷನ್ ಎಣಿಸುತ್ತದೆ. ನಾನೀಗ ಪುಟ ಕಳಿಸುವ ಮುಂಚೆ ಒಂದು ಮೇಲ್ ಹಾಕುತ್ತೇನೆ: "ಈ ಚಿತ್ರ ಮತ್ತು ಬರಹದ ಹಕ್ಕು ನನ್ನದು. ನಿಮ್ಮ ಈ ಸಂಚಿಕೆಯಲ್ಲಿ ಒಂದು ಸಲ ಅಚ್ಚು ಹಾಕಲು ಮಾತ್ರ ಒಪ್ಪಿಗೆ. ಒಪ್ಪಿಗೆಯಿದ್ದರೆ ಉತ್ತರಿಸಿ." ಉತ್ತರ ಬಂದ ಮೇಲೆಯೇ ಫೈಲ್ ಹೋಗುವುದು.

ಕಂಪನಿಗಳು ಶುಲ್ಕದಲ್ಲಿ ಶೇ 10 ಟಿಡಿಎಸ್ (ಮೂಲದಲ್ಲೇ ಕಡಿತವಾಗುವ ತೆರಿಗೆ) ಹಿಡಿದರೆ ಗಾಬರಿಯಾಗಬೇಡಿ. ಪ್ಯಾನ್ ಕೊಟ್ಟಿರಿ, ಆದಾಯ ತೆರಿಗೆ ಪೋರ್ಟಲ್‌ನಲ್ಲಿ ನಿಮ್ಮ ಹೆಸರಿಗೆ ಜಮೆಯಾಗಿದೆಯೇ ನೋಡಿ, ರಿಟರ್ನ್ ಹಾಕಿ ಬರಬೇಕಾದದ್ದನ್ನು ವಾಪಸ್ ತಗೊಳ್ಳಿ. ಪ್ರತಿ ಬಿಲ್ಲಿಗೂ ನಂಬರ್ ಹಾಕಿ. ನಲವತ್ತೈದು ದಿನ ದಾಟಿದರೆ ಸಂಪಾದಕರಿಗಲ್ಲ, ಅಕೌಂಟ್ಸ್ ವಿಭಾಗಕ್ಕೆ ಫೋನ್ ಮಾಡಿ, ಅದೂ ಮಧ್ಯಾಹ್ನ ಊಟಕ್ಕೆ ಮುಂಚೆ. ನನ್ನ ಅಡುಗೆಮನೆ ಬಾಗಿಲ ಹಿಂದೆ ಬಿಲ್ಲುಗಳ ಪಟ್ಟಿ ಅಂಟಿಸಿದ್ದೇನೆ, ದುಡ್ಡು ಬಂದ ಸಾಲಿಗೆ ಹಸಿರು ಪೆನ್ಸಿಲ್. ಹಾಸನದ ಹುಡುಗಿ ಮುಂದಿನ ತಿಂಗಳು ಬರುತ್ತಾಳಂತೆ. ಅವಳಿಗೆ ತೋರಿಸುವ ಮೊದಲು 31, 34 ಮತ್ತು 35ನೇ ನಂಬರಿನವರಿಗೆ ಇನ್ನೊಂದು ಸಲ ಫೋನ್ ಮಾಡಬೇಕು.